ಸಣ್ಣ ಜೀಪು, ದೊಡ್ಡ ಹೊರೆ: ಮನೆದಾರಿ ದುರಸ್ತಿಗೆ ಕಲ್ಲು-ಜಲ್ಲಿ ಸಾಗಿಸುವ ಕ್ರಮ

ಮಲೆನಾಡಿನ ಒಂಟಿಮನೆಗಳ ದಾರಿಗೆ ಟಿಪ್ಪರ್ ಇಳಿಯುವುದು ಕಡಿಮೆ. ಡಾಂಬರು ರಸ್ತೆ ಬಿಟ್ಟು ಒಳಗೆ ಹೊರಳಿದ ಕೂಡಲೇ ಒಂದು ಕಡಿದಾದ ತಿರುವು, ಅದರಾಚೆ ಹಳೆಯ ಮೋರಿ, ಒಂದು ಬದಿಗೆ ಧರೆ, ಇನ್ನೊಂದು ಬದಿಗೆ ತೋಟದ ಇಳುಕಲು. ಹತ್ತು ಟನ್ ಹೊತ್ತ ಗಾಡಿ ಆ ಮೋರಿ ಹತ್ತಿದರೆ ದುರಸ್ತಿಯ ಪಟ್ಟಿಗೆ ಮೋರಿಯೂ ಸೇರುತ್ತದೆ. ಹಾಗಾಗಿ ಜಲ್ಲಿಯನ್ನು ಡಾಂಬರಿನ ಅಂಚಿನಲ್ಲೇ ಸುರಿಸಿಕೊಂಡು, ಅಲ್ಲಿಂದ ಮುಂದಿನ ಒಂದೆರಡು ಕಿಲೋಮೀಟರಿಗೆ ಮನೆಯ ಜೀಪನ್ನೇ ನೆಚ್ಚಿಕೊಳ್ಳುವುದು ಸಾಗರ, ತೀರ್ಥಹಳ್ಳಿ, ಕೊಪ್ಪ, ಮೂಡಿಗೆರೆ, ಸಕಲೇಶಪುರ, ಕೊಡಗಿನ ಕಡೆ ವಾಡಿಕೆ.

ಈ ಕೆಲಸಕ್ಕೆ ಸಿಗುವುದು ಸಾಮಾನ್ಯವಾಗಿ ಎರಡು ಜಾತಿಯ ಗಾಡಿ. 1947ರಲ್ಲಿ ವಿಲ್ಲೀಸ್ ಜೀಪಿನ ಜೋಡಣೆಯಿಂದ ಶುರುವಾದ ಮಹೀಂದ್ರ ಸಂತತಿ ಒಂದು. 1985ರಲ್ಲಿ ಬಂದ ಮಾರುತಿ ಜಿಪ್ಸಿ ಇನ್ನೊಂದು. ಎರಡೂ ಕೆಸರಿಗೆ ಅಂಜುವುದಿಲ್ಲ. ಈ ಗುಣವೇ ಅವುಗಳ ಮೇಲೆ ಅತಿಯಾಗಿ ಹೇರುವುದಕ್ಕೂ ಕಾರಣ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ ಹೆಚ್ಚು ಎಳೆಯುತ್ತದೆ. ಹೆಚ್ಚು ಹೊರುವುದಿಲ್ಲ, ಬೇಗ ನಿಲ್ಲುವುದೂ ಇಲ್ಲ. ಮುಂದಿನ ಕ್ರಮವೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿದೆ.

ಏರುವ ಲೆಕ್ಕ, ಇಳಿಯುವ ಲೆಕ್ಕ

ಗಾಡಿ, ಹೊರೆ, ಜನ ಎಲ್ಲ ಸೇರಿ 2,000 ಕಿಲೋ ಎಂದಿಟ್ಟುಕೊಳ್ಳಬಹುದು. ಐದು ಅಡಿ ಮುಂದೆ ಹೋದಾಗ ಒಂದು ಅಡಿ ಏರುವ ದಾರಿಯಲ್ಲಿ ಅದನ್ನು ಹಿಂದಕ್ಕೆ ಜಗ್ಗುವ ಬಲ ಸುಮಾರು 400 ಕಿಲೋ ತೂಕದಷ್ಟು. ಮೆತ್ತನೆಯ ಮಣ್ಣಿನಲ್ಲಿ ಚಕ್ರ ಉರುಳಿಸಲು ಇನ್ನೂ 100 ಕಿಲೋ ಬೇಕು. ಒದ್ದೆ ಜೇಡಿಯಲ್ಲಿ ಟೈರಿಗೆ ಸಿಗುವ ಹಿಡಿತ ಅದರ ಮೇಲಿನ ಭಾರದ ಹತ್ತರಲ್ಲಿ ಮೂರು ಪಾಲಿನಷ್ಟು. ಹಿಂದಿನ ಚಕ್ರಗಳ ಮೇಲೆ 1,300 ಕಿಲೋ ಕೂತಿದ್ದರೂ ಹಿಡಿತ 390 ಕಿಲೋ ಮಾತ್ರ. 500 ಬೇಕಾದಲ್ಲಿ ಅದು ಸಾಲದು, ಚಕ್ರ ತಿರುಗಿ ಗುಂಡಿ ತೋಡುತ್ತದೆ. ಮುಂದಿನ ಚಕ್ರಗಳೂ ಎಳೆಯತೊಡಗಿದರೆ ಪೂರ್ತಿ 2,000 ಕಿಲೋ ಭಾರ ಹಿಡಿತಕ್ಕೆ ಒದಗಿ 600 ಕಿಲೋ ಸಿಗುತ್ತದೆ, ಗಾಡಿ ಏರುತ್ತದೆ. ಲೋ ಗೇರ್ ಹಾಕಿದಾಗ ಚಕ್ರಕ್ಕೆ ಸಿಗುವ ತಿರುಚು ಬಲ ಮಹೀಂದ್ರದ ಹಳೆಯ ಜೀಪುಗಳಲ್ಲಿ ಸುಮಾರು ಎರಡೂವರೆ ಪಟ್ಟಾಗುತ್ತದೆ. ಎಂಜಿನ್ ಒದ್ದಾಡುವುದಿಲ್ಲ, ಅರ್ಧ ಕ್ಲಚ್ಚಿನಲ್ಲಿ ಗಾಡಿ ಹಿಡಿದು ನಿಲ್ಲಿಸುವ ಪ್ರಮೇಯವೂ ಇರುವುದಿಲ್ಲ.

ಇಳಿಯುವಾಗ ಈ ಲಾಭ ಅರ್ಧಕ್ಕರ್ಧ ಕರಗುತ್ತದೆ. ಕಾಲಿನ ಬ್ರೇಕು ಯಾವ ಗಾಡಿಯಲ್ಲೂ ನಾಲ್ಕೂ ಚಕ್ರಕ್ಕೆ ಹಿಡಿಯುವಂಥದ್ದೇ. ಫೋರ್ ವೀಲ್ ಹಾಕಿದ ಮಾತ್ರಕ್ಕೆ ಅದು ಬಲವಾಗುವುದಿಲ್ಲ. ಸಿಗುವ ಲಾಭ ಒಂದೇ: ಎಂಜಿನ್ನಿನ ತಡೆ ನಾಲ್ಕೂ ಚಕ್ರಕ್ಕೆ ಹಂಚಿಹೋಗುತ್ತದೆ. ಡಾಂಬರು ರಸ್ತೆ ಮೇಲೆ, ಮನೆ ಕೆಳಗೆ ಇರುವ ಕಡೆಗಳಲ್ಲಿ ಹೊರೆ ಹೊತ್ತ ಗಾಡಿ ಯಾವಾಗಲೂ ಇಳಿಯುತ್ತದೆ, ಖಾಲಿ ಗಾಡಿ ಏರುತ್ತದೆ. ಅಂಥ ದಾರಿಯಲ್ಲಿ ಹೊರೆಯ ಮಿತಿಯನ್ನು ಬ್ರೇಕು ನಿರ್ಧರಿಸಬೇಕು. ಎಂಜಿನ್ನಿನ ತಾಕತ್ತು ಅಲ್ಲಿ ಲೆಕ್ಕಕ್ಕೇ ಇಲ್ಲ.

ತೂಕದ ಅಂದಾಜು

ಕಣ್ಣಳತೆ ಈ ವಿಷಯದಲ್ಲಿ ಬಹಳ ಮೋಸ ಮಾಡುತ್ತದೆ. ಕೆಲವು ಅಂಕಿಗಳನ್ನು ಬಾಯಿಪಾಠ ಮಾಡಿಟ್ಟುಕೊಳ್ಳುವುದು ಲೇಸು.

ಒಂದು ಘನ ಅಡಿ ಜಲ್ಲಿ 42ರಿಂದ 45 ಕಿಲೋ. ಎಂ-ಸ್ಯಾಂಡ್ ಅದಕ್ಕಿಂತ ತುಸು ಹೆಚ್ಚು. ಬಾಂಡ್ಲಿಯ ಲೆಕ್ಕದಲ್ಲಿ ಹೇಳುವುದಾದರೆ ಸಾಧಾರಣ ಎರಡು ಬಾಂಡ್ಲಿಗೆ ಒಂದು ಘನ ಅಡಿ. ಗೊಚ್ಚು ಮಣ್ಣು ಒಣಗಿದ್ದಾಗ ಜಲ್ಲಿಗಿಂತ ಹಗುರ, ಮಳೆ ಕುಡಿದ ಮೇಲೆ ಜಲ್ಲಿಯನ್ನೂ ಮೀರುತ್ತದೆ. ಗಟ್ಟಿ ಕರಿಕಲ್ಲು ಒಂದು ಘನ ಅಡಿಗೆ ಸುಮಾರು 75 ಕಿಲೋ. ಜಂಬಿಟ್ಟಿಗೆ ಅಳತೆ ಊರಿಂದೂರಿಗೆ ಬೇರೆಯಾದರೂ ಒಂದಕ್ಕೆ 30 ಕಿಲೋ ಹಿಡಿದರೆ ತಪ್ಪಾಗದು. ಎರಡೂವರೆ ಮೀಟರ್ ಉದ್ದದ, ಒಂದು ಅಡಿ ವ್ಯಾಸದ ಸಿಮೆಂಟ್ ಪೈಪು ಎರಡು ಕ್ವಿಂಟಲ್ ಆಸುಪಾಸು. ಎರಡು ಅಡಿಯದಾದರೆ ಅರ್ಧ ಟನ್ ದಾಟುತ್ತದೆ. ನೀರಿನ ಡ್ರಮ್ಮು 200 ಲೀಟರಿನದಾದರೆ 200 ಕಿಲೋ, ಡ್ರಮ್ಮಿನ ತೂಕ ಬೇರೆ.

ಗಾಡಿ ಹೊರಬಹುದಾದ ತೂಕ ತಿಳಿಯಲು ಕೈಪಿಡಿಯಲ್ಲಿ ಕೊಟ್ಟಿರುವ ಒಟ್ಟು ತೂಕದ ಮಿತಿಯಿಂದ ಆರ್‌ಸಿಯಲ್ಲಿರುವ ಖಾಲಿ ಗಾಡಿಯ ತೂಕವನ್ನು ಕಳೆಯಬೇಕು. ಉಳಿದದ್ದರಲ್ಲಿ ಡ್ರೈವರ್, ಹಾರೆ-ಗುದ್ದಲಿ, ಪಕ್ಕದಲ್ಲಿ ಕೂತು ಬರುವ ಆಳು, ಎಲ್ಲದರ ತೂಕವೂ ಸೇರಿದೆ. ಸಣ್ಣ ಜೀಪುಗಳಲ್ಲಿ ಇದು ಅರ್ಧ ಟನ್ನಿನ ಸುತ್ತಮುತ್ತ ಬಂದು ನಿಲ್ಲುತ್ತದೆ. ಹಾಳಾದ ದಾರಿಯಲ್ಲಿ, ಹಳೆಯ ಗಾಡಿಯಲ್ಲಿ, ಸಾಮಗ್ರಿಯ ಲೆಕ್ಕವನ್ನು 400 ಕಿಲೋಗೆ ನಿಲ್ಲಿಸುವುದು ವಿವೇಕ.

400 ಕಿಲೋ ಎಂದರೆ ಜಲ್ಲಿಯಲ್ಲಿ ಒಂಬತ್ತೇ ಘನ ಅಡಿ, ಹದಿನೆಂಟು ಬಾಂಡ್ಲಿ. ಹಿಂಭಾಗದ ತಳ ನಾಲ್ಕಡಿ ಉದ್ದ, ಮೂರಡಿ ಅಗಲ ಇದ್ದರೆ ಒಂಬತ್ತು ಇಂಚು ಎತ್ತರಕ್ಕೆ ಅದು ಮುಗಿದುಹೋಗುತ್ತದೆ. ನೋಡಿದವರಿಗೆ ಗಾಡಿ ಅರ್ಧವೂ ತುಂಬಿದಂತೆ ಕಾಣುವುದಿಲ್ಲ. 'ಇನ್ನೊಂದು ಹತ್ತು ಬಾಂಡ್ಲಿ ಹಾಕು, ತಡೀತದೆ' ಎಂಬ ಮಾತು ಹುಟ್ಟುವುದು ಇಲ್ಲೇ. ಅದೇ ತಳದಲ್ಲಿ ಒಂದೂವರೆ ಅಡಿ ತುಂಬಿದರೆ 800 ಕಿಲೋ ಆಗಿರುತ್ತದೆ. ಬದಿಯ ತಗಡಿನ ಮೇಲೆ ಒಳಗಡೆ ಒಂಬತ್ತು ಇಂಚಿಗೆ ಬಣ್ಣದ ಗೆರೆ ಎಳೆದಿಟ್ಟರೆ ವಾದಕ್ಕೆ ಅವಕಾಶವಿಲ್ಲ. ಇನ್ನೊಂದು ಉಪಾಯ, ಖಾಲಿ ಸಿಮೆಂಟ್ ಚೀಲಕ್ಕೆ ಎರಡೆರಡು ಬಾಂಡ್ಲಿ ಜಲ್ಲಿ ಹಾಕಿ ಬಾಯಿ ಕಟ್ಟುವುದು. ಚೀಲವೊಂದಕ್ಕೆ 40 ಕಿಲೋ ಚಿಲ್ಲರೆ, ಗಾಡಿಗೆ ಒಂಬತ್ತು ಚೀಲ, ಲೆಕ್ಕ ಸರಳ. ಇಳಿಸುವುದೂ ಸುಲಭ, ಬೇಕಾದ ಗುಂಡಿಯ ಬಾಯಿಗೇ ಸುರಿಯಬಹುದು.

ಎಷ್ಟು ಟ್ರಿಪ್ಪು ಬೇಕು?

ಕೆಲಸಕ್ಕೆ ಇಳಿಯುವ ಮೊದಲು ಈ ಗುಣಾಕಾರ ಮಾಡಿದರೆ ಅನೇಕ ಯೋಜನೆಗಳು ತಾವಾಗಿಯೇ ಚಿಕ್ಕದಾಗುತ್ತವೆ. ನೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ದಾರಿಗೆ ಗಟ್ಟಿಯಾದ ಮೇಲೆ ಮೂರು ಇಂಚು ನಿಲ್ಲುವಂತೆ ಜಲ್ಲಿ ಹಾಕಬೇಕಾದರೆ ಸಡಿಲ ಅಳತೆಯಲ್ಲಿ ಸುಮಾರು 1,000 ಘನ ಅಡಿ ಬೇಕು. ತೂಕದಲ್ಲಿ ಅದು 45 ಟನ್. 400 ಕಿಲೋದಂತೆ ನೂರಹದಿಮೂರು ಟ್ರಿಪ್ಪು. ಅದೇ ದಾರಿಯಲ್ಲಿ ಚಕ್ರ ಓಡುವ ಎರಡು ಪಟ್ಟಿಗೆ ಮಾತ್ರ, ತಲಾ ಎರಡಡಿ ಅಗಲಕ್ಕೆ ಹಾಕಿದರೆ 18 ಟನ್ ಸಾಕು, ನಲವತ್ತೈದು ಟ್ರಿಪ್ಪು. ಕೆಟ್ಟಿರುವ ಇಪ್ಪತ್ತು ಮೀಟರಿಗಷ್ಟೇ ಪಟ್ಟಿ ಹಾಕಿದರೆ ಒಂಬತ್ತು. ಅದು ಒಂದು ದಿನದ ಕೆಲಸ.

ಹಾಗಾಗಿ ದಾರಿಯನ್ನು ಪೂರ್ತಿ ನಡೆದು ನೋಡಿ, ಗಾಡಿ ಹೂಳುವ ಜಾಗ, ನೀರು ಕೊರೆದ ಜಾಗ, ಕಡಿದಾದ ಏರು, ಈ ಮೂರಕ್ಕೆ ಮಾತ್ರ ಗೂಟ ಹೊಡೆದು ಗುರುತು ಮಾಡಬೇಕು. ಉಳಿದದ್ದನ್ನು ಸಮತಟ್ಟು ಮಾಡಿ ಬಿಟ್ಟರೆ ಸಾಕು.

ಕಾಲದ ಆಯ್ಕೆಯೂ ಟ್ರಿಪ್ಪಿನ ಲೆಕ್ಕವನ್ನು ಬದಲಿಸುತ್ತದೆ. ಸ್ವಾತಿ ಮಳೆ ಕಳೆದ ಮೇಲೆ, ನವೆಂಬರ್-ಡಿಸೆಂಬರಿನಲ್ಲಿ, ಮಣ್ಣಿನಲ್ಲಿ ಪಸೆ ಇರುತ್ತದೆ, ತುಳಿದರೆ ಗಟ್ಟಿಯಾಗುತ್ತದೆ. ಮಾರ್ಚಿಗೆ ಬಂದರೆ ಅದೇ ಮಣ್ಣು ಕೆಂಪು ಹಿಟ್ಟಾಗಿ, ಕೂರಿಸಲು ನೀರನ್ನೂ ಹೊತ್ತು ತರಬೇಕು. ತೊಂದರೆಯೆಂದರೆ ಒಳ್ಳೆಯ ಕಾಲ ಅಡಿಕೆ ಕೊಯ್ಲಿಗೆ, ಅದರ ಬೆನ್ನಿಗೇ ಕಾಫಿ ಹಣ್ಣಿಗೆ ಸರಿಯಾಗಿ ಬರುತ್ತದೆ, ಆಳು ಸಿಗುವುದಿಲ್ಲ. ಹಾಗಾಗಿ ಬಹುತೇಕ ಮನೆದಾರಿಗಳ ದುರಸ್ತಿ ಏಪ್ರಿಲ್ ಕೊನೆಯ ಅಡ್ಡಮಳೆಗೆ ಕಾಯುತ್ತದೆ. ಅದೂ ಆಗುವ ಕೆಲಸವೇ, ಮೃಗಶಿರಾ ಮಳೆ ಹಿಡಿಯುವುದಕ್ಕೆ ಮೂರು ವಾರ ಮೊದಲು ಮುಗಿದಿದ್ದರೆ.

ಜಲ್ಲಿಗಿಂತ ಮೊದಲು ನೀರು

ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಸ್ಕಾಟ್ಲೆಂಡಿನ ಜಾನ್ ಲೌಡನ್ ಮೆಕ್ಯಾಡಮ್ ರಸ್ತೆ ಕಟ್ಟುವವರಿಗೆ ಕಲಿಸಿದ ಮುಖ್ಯ ಪಾಠ ಇದು: ಭಾರ ಹೊರುವುದು ಕೆಳಗಿನ ನೆಲ, ಅದು ಒಣಗಿರುವವರೆಗೆ ಎಷ್ಟು ಭಾರವನ್ನಾದರೂ ಹೊರುತ್ತದೆ, ಮೇಲಿನ ಕಲ್ಲಿನ ಹಾಸು ಮಳೆಯಿಂದ ಅದನ್ನು ಕಾಯುವ ಮಾಡು. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯ ಸುತ್ತಿನ ದಾರಿಗಳಿಗೆ ಈ ಮಾತು ಇನ್ನೂ ಹೆಚ್ಚು ಒಪ್ಪುತ್ತದೆ. ನೀರಿನ ದಾರಿ ತಪ್ಪಿಸದೆ ಹಾಕಿದ ಜಲ್ಲಿ ಆರಿದ್ರ ಮಳೆಗೆ ತೋಟದ ಕಪ್ಪಿಗೆ ಸೇರಿರುತ್ತದೆ. ಒಂದು ಟ್ರಿಪ್ಪೂ ಹೊಡೆಯುವ ಮೊದಲು ಗುದ್ದಲಿಯಲ್ಲಿ ಮುಗಿಸಬೇಕಾದ ಕೆಲಸ ಮೂರಿದೆ.

1. ಧರೆಯ ಬದಿಯ ಚರಂಡಿ. ರಸ್ತೆಯ ಮಟ್ಟಕ್ಕಿಂತ ಕನಿಷ್ಠ ಒಂದು ಅಡಿ ಆಳವಿರಬೇಕು. ಕುಸಿದ ಧರೆಯ ಮಣ್ಣನ್ನು ರಸ್ತೆಗೆ ಎಳೆದುಕೊಳ್ಳುವ ಆಸೆ ಬೇಡ. ಅದರಲ್ಲಿ ಎಲೆ, ಬೇರು, ಜೇಡಿ ಸೇರಿದ್ದು ಮೊದಲ ಮಳೆಗೇ ಲೊಳೆಯಾಗುತ್ತದೆ.

2. ನಡು ಎತ್ತರ. ಮಣ್ಣು ರಸ್ತೆಗೆ ಮಳೆ ಹೆಚ್ಚಿರುವ ಕಡೆ ಅಡ್ಡ ಇಳಿಜಾರು ನೂರಕ್ಕೆ ಐದರಷ್ಟು ಬೇಕು. ಮೂರು ಮೀಟರ್ ಅಗಲದ ದಾರಿಯಲ್ಲಿ ನಡುಮಧ್ಯ ಅಂಚಿಗಿಂತ ಮೂರು ಇಂಚು ಎತ್ತರವಿದ್ದರೆ ಅಷ್ಟಾಗುತ್ತದೆ.

3. ಅಡ್ಡ ಕಾಲುವೆ. ಇಳಿಜಾರಿನಲ್ಲಿ ಚಕ್ರದ ಜಾಡೇ ಹಳ್ಳವಾಗದಂತೆ ನೀರನ್ನು ಆಗಾಗ ಪಕ್ಕಕ್ಕೆ ತಳ್ಳಬೇಕು. ಕಡಿದಾದ ಏರಿನಲ್ಲಿ 15ರಿಂದ 20 ಮೀಟರಿಗೊಂದು, ಹಗುರ ಇಳಿಜಾರಿನಲ್ಲಿ 40 ಮೀಟರಿಗೊಂದು ಇದ್ದರೆ ಸಾಕು. ನೇರ ಅಡ್ಡಕ್ಕೆ ತೋಡದೆ ಕೆಳಮುಖವಾಗಿ ಓರೆಯಾಗಿ ತೋಡಿದರೆ ಹೂಳು ತಾನಾಗಿ ಕೊಚ್ಚಿಹೋಗುತ್ತದೆ.

ಸಣ್ಣ ತೊರೆ ದಾಟುವಲ್ಲಿ ಪೈಪು ಹೂಳಬೇಕೇ, ಕಲ್ಲು ಹಾಸಿದ ತಗ್ಗು ಮಾಡಬೇಕೇ ಎಂಬ ಪ್ರಶ್ನೆ ಏಳುತ್ತದೆ. ಪೈಪು ನೋಡಲು ಚೆಂದ. ಆದರೆ ಒಂದು ಅಡಿಯ ಪೈಪಿಗೆ ಎರಡು ಹೆಡೆಮಟ್ಟೆ ಬಂದು ಅಡ್ಡ ಕೂತರೆ ಸಾಕು, ನೀರು ರಸ್ತೆಯ ಮೇಲೆ ಹತ್ತುತ್ತದೆ. ಹಾಗೆ ಹತ್ತಿದ ನೀರು ಪೈಪಿನ ಮೇಲಿನ ಮಣ್ಣನ್ನೂ ಒಯ್ಯುತ್ತದೆ. ಎರಡು ಅಡಿಯ ಪೈಪು ಕಟ್ಟಿಕೊಳ್ಳುವುದು ಕಡಿಮೆ, ಆದರೆ ಜೀಪಿನಲ್ಲಿ ತರುವ ವಸ್ತುವಲ್ಲ. ಮಳೆಗಾಲದಲ್ಲಷ್ಟೇ ಹರಿಯುವ ತೊರೆಗೆ ಚಪ್ಪಡಿಯೋ ಕಾಡುಗಲ್ಲೋ ಹಾಸಿದ ಅಗಲವಾದ ತಗ್ಗೇ ಮೇಲು. ಅದು ಕಟ್ಟಿಕೊಳ್ಳುವುದಿಲ್ಲ, ಜೀಪು ನಿಧಾನವಾಗಿ ಇಳಿದು ಹತ್ತುತ್ತದೆ, ಕಲ್ಲು ಒಂದೆರಡು ಎದ್ದರೆ ಹಾರೆಯಲ್ಲಿ ಮೀಟಿ ಕೂರಿಸಬಹುದು. ತಗ್ಗಿನ ಕೆಳಬದಿಯ ಅಂಚಿಗೆ ಅತಿ ದೊಡ್ಡ ಕಲ್ಲುಗಳನ್ನು ಅರ್ಧ ಹೂತು ನಿಲ್ಲಿಸಿದರೆ ಹಾಸು ಜಾರುವುದಿಲ್ಲ. ಪೈಪೇ ಬೇಕೆಂದಾದರೆ ಅದರ ಮೇಲೆ ಕನಿಷ್ಠ ಒಂದೂವರೆ ಅಡಿ ಗಟ್ಟಿ ಮಣ್ಣು ನಿಲ್ಲಬೇಕು.

ಹೇರುವ ಕ್ರಮ

ಮೊದಲು ಗಾಡಿ. ಬ್ರೇಕ್ ಆಯಿಲ್, ಹ್ಯಾಂಡ್ ಬ್ರೇಕು, ಹಿಂದಿನ ಲೀಫ್ ಪ್ಲೇಟುಗಳ ಯು-ಬೋಲ್ಟು, ಚಕ್ರದ ನಟ್ಟು, ಸ್ಟೆಪ್ನಿ, ಇಷ್ಟನ್ನು ಕೆಲಸದ ದಿನ ಬೆಳಿಗ್ಗೆ ನೋಡಲೇಬೇಕು. ಟೈರಿನ ಗಾಳಿ ಹೊರೆಗೆ ತಕ್ಕಂತೆ ಕೈಪಿಡಿ ಹೇಳುವಷ್ಟಿರಬೇಕು. ಕೆಸರಿನಲ್ಲಿ ಗಾಳಿ ಇಳಿಸುವ ಉಪಾಯ ಖಾಲಿ ಗಾಡಿಗೆ ಸರಿ. ಕಲ್ಲು ಹೊತ್ತ ಗಾಡಿಯಲ್ಲಿ ಟೈರಿನ ಪಕ್ಕೆ ಒಡೆಯುತ್ತದೆ. ಮುಂದಿನ ಚಕ್ರದ ಹಬ್ಬನ್ನು ಕೈಯಲ್ಲಿ ಲಾಕ್ ಮಾಡುವ ಗಾಡಿಯಾದರೆ ಅದನ್ನು ಮಣ್ಣು ರಸ್ತೆಗೆ ಹೊರಳುವಾಗಲೇ ಲಾಕ್ ಮಾಡಿಕೊಳ್ಳಬೇಕು. ಒಳಗೆ ಲಿವರ್ ಎಳೆದರೂ ಹಬ್ಬು ಬಿಚ್ಚಿದ್ದರೆ ಮುಂದಿನ ಚಕ್ರ ಎಳೆಯುವುದಿಲ್ಲ.

1. ಭಾರ ಹಿಂದಿನ ಆಕ್ಸಲಿನ ಮುಂದೆ ಕೂರಬೇಕು. ಮಹೀಂದ್ರದ ಹಳೆಯ ಸಿಜೆ-3ಬಿ ಜೀಪಿನಲ್ಲಿ ಎರಡು ಆಕ್ಸಲಿನ ನಡುವೆ ಇರುವುದು 80 ಇಂಚು, ಜಿಪ್ಸಿಯಲ್ಲಿ 2,375 ಮಿಲಿಮೀಟರ್. ಇಷ್ಟು ಗಿಡ್ಡ ಗಾಡಿಯ ಬಾಲಕ್ಕೆ ಭಾರ ಬಿದ್ದರೆ ಮೂತಿ ಹಗುರಾಗುತ್ತದೆ, ಏರಿನಲ್ಲಿ ಸ್ಟೀರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ದೊಡ್ಡ ಕಲ್ಲು ಸೀಟಿನ ಬೆನ್ನಿಗೆ ಹತ್ತಿರ, ಸಣ್ಣದು ಹಿಂದೆ.

2. ಸೀಟಿಗೂ ಹೊರೆಗೂ ನಡುವೆ ದಪ್ಪ ಹಲಗೆ ಅಡ್ಡ ನಿಲ್ಲಿಸಿ ಕಟ್ಟಬೇಕು. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಕಲ್ಲು ಹುಡುಕಿಕೊಂಡು ಬರುವುದು ಡ್ರೈವರಿನ ಸೊಂಟವನ್ನು.

3. ಎತ್ತರ ಏರಿಸಬಾರದು. ಒಂದು ಬದಿಗೆ ವಾಲಿದ ದಾರಿಯಲ್ಲಿ ಎತ್ತರದ ಹೊರೆ ಗಾಡಿಯನ್ನು ಮಗುಚುತ್ತದೆ.

4. ಅರೆ ತುಂಬಿದ ಡ್ರಮ್ಮಿನಲ್ಲಿ ನೀರು ತರಬಾರದು. ತಿರುವಿನಲ್ಲಿ ನೀರು ಒಂದೇ ಬದಿಗೆ ನುಗ್ಗುತ್ತದೆ. ಪೂರ್ತಿ ತುಂಬಿ ಮುಚ್ಚಳ ಹಾಕಬೇಕು. 20 ಲೀಟರಿನ ಕ್ಯಾನುಗಳಾದರೆ ಇನ್ನೂ ಒಳ್ಳೆಯದು.

5. ಹೊರೆಯ ಮೇಲೆ ಜನ ಕೂರಬಾರದು. ಇಳಿಸುವ ಆಳುಗಳು ನಡೆದು ಬರಲಿ. ಮನೆದಾರಿಯ ಕೆಲಸದಲ್ಲಿ ಮುರಿಯಲ್ಪಡುವ ಮೊದಲ ನಿಯಮ ಇದು.

ಟ್ರೇಲರ್ ಇದ್ದವರಿಗೆ ಎರಡು ಮಾತು. ಬ್ರೇಕಿಲ್ಲದ ಸಣ್ಣ ಟ್ರೇಲರ್ ಇಳಿಜಾರಿನಲ್ಲಿ ಜೀಪನ್ನು ಹಿಂದಿನಿಂದ ದೂಡುತ್ತದೆ, ತಿರುವಿನಲ್ಲಿ ಅಡ್ಡಕ್ಕೆ ಮಡಚುತ್ತದೆ. ಸಮತಟ್ಟಾದ ದಾರಿಯಲ್ಲಿ, ಒಟ್ಟು ಭಾರದ ಹತ್ತನೇ ಒಂದು ಪಾಲು ಕೊಕ್ಕೆಯ ಮೇಲೆ ಬೀಳುವಂತೆ ಹೇರಿ ಬಳಸಿದರೆ ಅದು ದೊಡ್ಡ ಅನುಕೂಲ; ಘಾಟಿಯಂಥ ದಾರಿಗೆ ಬೇಡ. ಸಾರ್ವಜನಿಕ ರಸ್ತೆಗೆ ಇಳಿಯುವ ಟ್ರೇಲರಿಗೂ ನೋಂದಣಿ ಬೇಕಾಗುತ್ತದೆ.

ಓಡಿಸುವ ಬಗೆ

ಏರಾದರೆ ಬುಡದಲ್ಲೇ, ಇಳಿಜಾರಾದರೆ ನೆತ್ತಿಯಲ್ಲೇ ಗೇರು ಬೀಳಬೇಕು. ನಡುವೆ ಗೇರ್ ಬದಲಿಸಲು ಕ್ಲಚ್ ಒತ್ತಿದ ಆ ಕ್ಷಣದಲ್ಲಿ ಗಾಡಿಗೆ ಎಂಜಿನ್ನಿನ ಆಧಾರ ಇರುವುದಿಲ್ಲ. ಕಡಿದಾದ ಇಳಿಜಾರಿನ ನೆತ್ತಿಯಲ್ಲಿ ಪೂರ್ತಿ ನಿಂತು, ಫೋರ್ ವೀಲ್ ಲೋ ಹಾಕಿ, ಒಂದನೇ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟು ಇಳಿಸಿದರೆ ಡೀಸೆಲ್ ಎಂಜಿನ್ ನಡಿಗೆಯ ವೇಗದಲ್ಲಿ ಗಾಡಿಯನ್ನು ಹಿಡಿದುಕೊಂಡು ಹೋಗುತ್ತದೆ. ಬ್ರೇಕನ್ನು ಮುಟ್ಟಿ ಮುಟ್ಟಿ ಬಿಡಬೇಕು. ಒತ್ತಿಯೇ ಹಿಡಿದರೆ ಡ್ರಮ್ಮು ಕಾದು ಪೆಡಲ್ ಕೆಲಸಕ್ಕೆ ಬಾರದಾಗುತ್ತದೆ. ಕೆಳಗೆ ತಲುಪಿದ ಮೇಲೆ ಡ್ರಮ್ಮಿನ ಹತ್ತಿರ ಕೈ ಒಯ್ದರೆ ಕಾವು ರಾಚುವಂತಿದ್ದರೆ, ಸುಟ್ಟ ವಾಸನೆ ಬರುತ್ತಿದ್ದರೆ, ಹೊರೆ ಹೆಚ್ಚಾಗಿದೆ ಎಂದೇ ಅರ್ಥ. ಮುಂದಿನ ಟ್ರಿಪ್ಪಿಗೆ ಎರಡು ಚೀಲ ಇಳಿಸಬೇಕು. ಹಳ್ಳ ದಾಟಿದ ಮೇಲೆ ನೆನೆದ ಡ್ರಮ್ ಬ್ರೇಕು ಹಿಡಿಯುವುದಿಲ್ಲ; ಸ್ವಲ್ಪ ದೂರ ಹಗುರವಾಗಿ ಬ್ರೇಕ್ ಒತ್ತಿಕೊಂಡೇ ಹೋದರೆ ಅದು ಒಣಗುತ್ತದೆ.

ಏರಿನ ನಡುವೆ ಎಂಜಿನ್ ನಿಂತರೆ ಗಾಬರಿಯಲ್ಲಿ ಕ್ಲಚ್ ಒತ್ತುವುದು, ಗಾಡಿಯನ್ನು ಅಡ್ಡ ತಿರುಗಿಸಲು ನೋಡುವುದು, ಎರಡೂ ಅಪಾಯ. ಕಾಲಿನ ಬ್ರೇಕು, ಕೈ ಬ್ರೇಕು ಎರಡನ್ನೂ ಹಿಡಿದು, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿಸಿ, ಆಮೇಲೆ ಎಂಜಿನ್ ಚಾಲೂ ಮಾಡಿ ರಿವರ್ಸ್ ಲೋ ಗೇರಿಗೆ ಹಾಕಿ, ಕಲ್ಲು ತೆಗೆಸಿ, ಬಂದ ಜಾಡಿನಲ್ಲೇ ನೇರವಾಗಿ ಹಿಂದಕ್ಕೆ ಇಳಿಸಬೇಕು. ಕಲ್ಲು ಕೊಡುವ ಆಳು ಗಾಡಿಯ ನೇರ ಹಿಂದೆ ನಿಲ್ಲದೆ ಧರೆಯ ಬದಿಯಲ್ಲಿ ನಡೆದು ಬರಬೇಕು.

ಡಾಂಬರು ರಸ್ತೆಗೆ ಹತ್ತಿದ ಕೂಡಲೇ ಫೋರ್ ವೀಲ್ ತೆಗೆಯಬೇಕು. ಈ ಜೀಪುಗಳಲ್ಲಿ ಮುಂದಿನ, ಹಿಂದಿನ ಆಕ್ಸಲುಗಳು ಒಂದೇ ವೇಗಕ್ಕೆ ಬಿಗಿದುಕೊಂಡಿರುತ್ತವೆ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಓಡಬೇಕು. ಮಣ್ಣಿನಲ್ಲಿ ಚಕ್ರ ತುಸು ಜಾರಿ ಆ ವ್ಯತ್ಯಾಸ ಸರಿದೂಗುತ್ತದೆ, ಒಣ ಡಾಂಬರಿನಲ್ಲಿ ಜಾರಲಾಗದೆ ಗೇರು, ಜಾಯಿಂಟುಗಳು ತಿರುಚಿಕೊಳ್ಳುತ್ತವೆ.

ಹರಡುವುದು, ಗಟ್ಟಿ ಮಾಡುವುದು

ರಾಶಿ ಇರುವ ತುದಿಯಿಂದಲೇ ದುರಸ್ತಿ ಶುರುವಾಗಬೇಕು. ಮನೆಯ ಮುಂದಿನ ಗುಂಡಿ ದಿನವೂ ಕಣ್ಣಿಗೆ ಬೀಳುವುದರಿಂದ ಮೊದಲು ಅದನ್ನೇ ಮುಚ್ಚುವವರು ಹೆಚ್ಚು. ಹಾಗೆ ಮಾಡಿದರೆ ಹೊರೆ ಹೊತ್ತ ಗಾಡಿ ನಡುವಿನ ಎಲ್ಲ ಗುಂಡಿಗಳಲ್ಲೂ ಬಿದ್ದೆದ್ದು ಬರಬೇಕು, ಪ್ರತಿ ಟ್ರಿಪ್ಪಿಗೂ ಅವು ಇನ್ನಷ್ಟು ಆಳವಾಗುತ್ತವೆ. ರಾಶಿಯ ತುದಿಯಿಂದ ಹೊರಟರೆ ಮುಂದಿನ ಹೊರೆ ಹಿಂದಿನ ಹೊರೆಯ ಮೇಲೆ ಓಡುತ್ತದೆ, ಜೀಪೇ ರೋಲರಿನ ಕೆಲಸ ಮಾಡುತ್ತದೆ.

ಜೀಪು ಹಗುರವಾದ ರೋಲರ್ ಎಂಬುದನ್ನು ಮರೆಯಬಾರದು. ಒಂದು ಅಡಿ ದಪ್ಪ ಸುರಿದು ಮೇಲೆ ಓಡಿಸಿದರೆ ಮೇಲಿನ ಎರಡು ಇಂಚು ಮಾತ್ರ ಕೂರುತ್ತದೆ, ಒಳಗೆಲ್ಲ ಟೊಳ್ಳು. ಒಂದು ಸಲಕ್ಕೆ ಮೂರು ಇಂಚಿಗಿಂತ ದಪ್ಪ ಬೇಡ. ಪ್ರತಿ ಸಲವೂ ಚಕ್ರವನ್ನು ಒಂದು ಗೇಣು ಪಕ್ಕಕ್ಕೆ ಸರಿಸಿ ಓಡಿಸಿದರೆ ಇಡೀ ಪಟ್ಟಿ ತುಳಿತಕ್ಕೆ ಸಿಗುತ್ತದೆ. ಒಂದೇ ಜಾಡಿನಲ್ಲಿ ಓಡಿಸಿದರೆ ಹೊಸ ಜಲ್ಲಿಯಲ್ಲೂ ಎರಡು ಕಾಲುವೆ ತಯಾರಾಗುತ್ತವೆ. ಚಕ್ರಕ್ಕೆ ಸಿಗದ ಮೂಲೆಗಳನ್ನು ದಮ್ಮಸ್ಸಿನಲ್ಲಿ ಬಡಿಯಬೇಕು.

ಮಣ್ಣಿನ ಪಸೆ ನೋಡಲು ಉಪಕರಣ ಬೇಡ. ಒಂದು ಮುಷ್ಟಿ ಗೊಚ್ಚು ಮಣ್ಣನ್ನು ಬಿಗಿಯಾಗಿ ಅಮುಕಿ ಉಂಡೆ ಮಾಡಿ ಬೆರಳಿನಿಂದ ತಟ್ಟಿದರೆ ಎರಡು ಮೂರು ತುಂಡಾಗಿ ಬಿರಿಯಬೇಕು. ಉಂಡೆಯೇ ಕಟ್ಟದಿದ್ದರೆ ನೀರು ಸಾಲದು. ಅಂಗೈ ಒದ್ದೆಯಾದರೆ ಹೆಚ್ಚಾಗಿದೆ, ಒಂದು ದಿನ ಆರಲು ಬಿಡಬೇಕು. ಬರಿಯ ದಪ್ಪ ಜಲ್ಲಿ ಎಷ್ಟು ತುಳಿದರೂ ಕಚ್ಚಿಕೊಳ್ಳುವುದಿಲ್ಲ, ಟೈರಿನಡಿಯಿಂದ ಚಿಮ್ಮುತ್ತದೆ. ಅದರ ಸಂದಿಗೆ ಸಣ್ಣ ಜಲ್ಲಿ, ಗೊಚ್ಚು ತುಂಬಿ ನೀರು ಚಿಮುಕಿಸಿ ತುಳಿಸಿದಾಗ ಹಾಸು ಬಿಗಿಯುತ್ತದೆ.

ಗಾಡಿ ಹೂಳುವ ಹುದುಲಿಗೆ ಮೇಲಿನಿಂದ ಕಲ್ಲು ಸುರಿಯುವುದು ದಂಡ, ಕೆಸರು ಅದನ್ನು ನುಂಗುತ್ತಲೇ ಇರುತ್ತದೆ. ಕೆಸರನ್ನು ಗಟ್ಟಿ ನೆಲ ಸಿಗುವವರೆಗೆ ತೋಡಿ ತೆಗೆದು, ಬದಿಗೆ ನೀರು ಬಿಡಿಸಿ, ಅಗಲ ಮುಖ ಕೆಳಗಾಗಿ ದೊಡ್ಡ ಕಲ್ಲು ಒತ್ತೊತ್ತಾಗಿ ಜೋಡಿಸಿ, ಸಂದಿಗೆ ಚಿಪ್ಪುಕಲ್ಲು ಬಡಿದು ತುಂಬಿ, ಮೇಲೆ ಜಲ್ಲಿ ಹಾಕಬೇಕು. ಅಡಿಕೆ ದಬ್ಬೆ, ಸೊಪ್ಪು ಹಾಸುವುದು ಆ ಹೊತ್ತಿಗೆ ಗಾಡಿ ದಾಟಿಸಲು ಸರಿ. ಒಂದೆರಡು ಮಳೆಗಾಲದಲ್ಲಿ ಕೊಳೆತು ಅದೇ ಜಾಗ ಮತ್ತೆ ಕುಸಿಯುತ್ತದೆ.

ಹರಡಿದ ಮೇಲೆ ಏರುತಗ್ಗು ತೆಗೆಯಲು ಗದ್ದೆಯಲ್ಲಿ ಕೊರಡು ಹೊಡೆದ ಹಾಗೆ ಒಂದು ಮರದ ದಿಮ್ಮಿಯನ್ನು ಜೀಪಿನ ಹಿಂದೆ ಕಟ್ಟಿ ಎಳೆಯಬಹುದು. ಆರಡಿ ದಿಮ್ಮಿಯ ಎರಡು ತುದಿಗೆ ಸರಪಳಿ ಹಾಕಿ, ಒಂದು ಬದಿಯ ಸರಪಳಿ ಗಿಡ್ಡ, ಇನ್ನೊಂದು ಉದ್ದ ಮಾಡಿದರೆ ದಿಮ್ಮಿ ಓರೆಯಾಗಿ ಸಾಗಿ ಅಂಚಿನ ಮಣ್ಣನ್ನು ನಡುವಿಗೆ ತಳ್ಳುತ್ತದೆ. ಹೋಗುವಾಗ ಒಂದು ಅಂಚು, ಬರುವಾಗ ಇನ್ನೊಂದು. ನಡು ಎತ್ತರ ತಾನಾಗಿ ಮೂಡುತ್ತದೆ. ಅಮೆರಿಕದ ಮಿಸೌರಿಯ ರೈತ ಡಿ. ವಾರ್ಡ್ ಕಿಂಗ್ ನೂರು ವರ್ಷಕ್ಕೂ ಹಿಂದೆ ಕುದುರೆ ಕಟ್ಟಿ ಇದನ್ನೇ ಮಾಡಿ ಊರೂರಿಗೆ ಪ್ರಚಾರ ಮಾಡಿದ. ಮಳೆ ಬಂದು ಮಣ್ಣು ಇನ್ನೂ ಮೆತ್ತಗಿರುವಾಗ, ಆದರೆ ಚಕ್ರಕ್ಕೆ ಅಂಟದಷ್ಟು ಆರಿದಾಗ ಎಳೆದರೆ ಕೆಲಸ ಚೆನ್ನಾಗಿ ಆಗುತ್ತದೆ.

ದೊಡ್ಡ ಕಲ್ಲು, ಪೈಪು

ಎರಡಾಳು ಎತ್ತಲಾಗದ ಕಲ್ಲನ್ನು ಜೀಪಿಗೆ ಹೇರಬಾರದು, ಎಳೆಯಬೇಕು. ಹಳೆಯ ದಪ್ಪ ತಗಡು ಅಥವಾ ಮುಂದಿನ ತುದಿ ಮೇಲಕ್ಕೆ ಬಾಗಿದ ಎರಡು ಮರದ ತುಂಡಿನ ಮೇಲೆ ಹಲಗೆ ಹೊಡೆದ ಜಾರುಬಂಡಿ ಸಾಕು. ಹಾರೆಯಲ್ಲಿ ಮೀಟಿ ಕಲ್ಲನ್ನು ಅದರ ಮೇಲೆ ಉರುಳಿಸಿ, ಸರಪಳಿಯನ್ನು ಜೀಪಿನ ಚಾಸಿಗೆ ಸೇರಿದ ಕೊಕ್ಕೆಗೆ ಹಾಕಬೇಕು. ಬಂಪರಿಗಾಗಲಿ ಆಕ್ಸಲಿಗಾಗಲಿ ಕಟ್ಟಬಾರದು. ಜಗ್ಗುವ ಮೊದಲು ಸರಪಳಿ ಬಿಗಿಯಾಗುವವರೆಗೆ ನಿಧಾನ ಸಾಗಿ, ಆಮೇಲೆ ಲೋ ಗೇರಿನಲ್ಲಿ ಎಳೆಯಬೇಕು. ಓಡಿ ಬಂದು ಜಗ್ಗಿದರೆ ಕೊಕ್ಕೆ ಕಿತ್ತು ಹಿಂದಕ್ಕೆ ಗುಂಡಿನಂತೆ ಹಾರುತ್ತದೆ. ತಂತಿ ಹಗ್ಗವಾದರೆ ಅದರ ನಡುವೆ ಒದ್ದೆ ಗೋಣಿ ಹೊದೆಸಿಟ್ಟರೆ ತುಂಡಾದಾಗ ಚಾಟಿಯಂತೆ ಬೀಸುವುದು ಕಡಿಮೆಯಾಗುತ್ತದೆ. ಎಳೆಯುವಾಗ ಹಗ್ಗದ ಉದ್ದದಷ್ಟು ದೂರದೊಳಗೆ ಯಾರೂ ನಿಲ್ಲಬಾರದು. ಇಳಿಜಾರಿನಲ್ಲಿ ಜಾರುಬಂಡಿ ಬಳಸಲೇಬಾರದು, ಗಾಡಿಗಿಂತ ಮೊದಲು ಕಲ್ಲೇ ಕೆಳಗೆ ತಲುಪುತ್ತದೆ.

ಒಂದು ಅಡಿಯ ಪೈಪನ್ನು ಒಂದು ಸಲಕ್ಕೆ ಒಂದೇ ತರಬೇಕು. ಗೋಣಿಯಲ್ಲಿ ಮಣ್ಣು ತುಂಬಿ ಎರಡೂ ಬದಿಗೆ ಒತ್ತು ಕೊಟ್ಟು, ಹಗ್ಗ ಬಿಗಿದು, ಹಿಂದಕ್ಕೆ ಚಾಚಿದ ತುದಿಗೆ ಕೆಂಪು ಬಟ್ಟೆ ಕಟ್ಟಿದರೆ ಸಾಕು. ಇಳಿಸಲು ಎರಡು ಹಲಗೆ ಆನಿಸಿ ಹಗ್ಗದಲ್ಲಿ ತಡೆಹಿಡಿದು ಉರುಳಿಸಬೇಕು.

ಸಾಮಾನ್ಯ ತಪ್ಪುಗಳು

ಲೀಫ್ ಪ್ಲೇಟು ಹೆಚ್ಚಿಸಿದರೆ ಹೊರುವ ಶಕ್ತಿ ಹೆಚ್ಚಿತು ಎಂಬ ನಂಬಿಕೆ ಬಲವಾಗಿದೆ. ಎರಡು ಪ್ಲೇಟು ಜಾಸ್ತಿ ಹಾಕಿಸಿದಾಗ ಗಾಡಿ ಹಿಂದೆ ಕುಗ್ಗುವುದು ನಿಲ್ಲುತ್ತದೆ, ಅಷ್ಟೇ. ಆಕ್ಸಲು, ಬೇರಿಂಗು, ಬ್ರೇಕು ಹಳೆಯವೇ. ಹಿಂದೆ ಕುಗ್ಗಿದ ಗಾಡಿ ಭಾರ ಹೆಚ್ಚಾಯಿತೆಂದು ಕಣ್ಣಿಗೆ ತೋರಿಸುತ್ತಿತ್ತು, ಆ ಸೂಚನೆಯೂ ಇಲ್ಲವಾಗುತ್ತದೆ.

ಮಳೆಗಾಲದಲ್ಲಿ ಟೈರಿಗೆ ಕಬ್ಬಿಣದ ಚೈನು ಕಟ್ಟಿ ಓಡಿಸುವುದು ಮಲೆನಾಡಿನಲ್ಲಿ ಹಳೆಯ ರೂಢಿ. ಸಿಕ್ಕಿಕೊಂಡ ಗಾಡಿ ಹೊರಗೆ ಬರಲು ಅದಕ್ಕಿಂತ ಒಳ್ಳೆಯದಿಲ್ಲ. ಹೊಸದಾಗಿ ಕೂರಿಸಿದ ಜಲ್ಲಿಯ ಮೇಲೆ ಅದೇ ಚೈನು ಉಳುಮೆ ಮಾಡುತ್ತದೆ. ದುರಸ್ತಿಯಾದ ದಾರಿಯಲ್ಲಿ ಮೊದಲ ಮಳೆಗಾಲ ಚೈನಿಲ್ಲದೆ ಕಳೆಯಬೇಕು; ತೀರಾ ಅಗತ್ಯವಿದ್ದರೆ ಕೆಟ್ಟ ಜಾಗ ದಾಟಿದ ಕೂಡಲೇ ಬಿಚ್ಚಬೇಕು.

ಸಾಮಗ್ರಿ ಎಲ್ಲಿಂದ ತರುವುದು ಎಂಬಲ್ಲಿಯೂ ಎಡವುವವರಿದ್ದಾರೆ. ಪಕ್ಕದ ಹಳ್ಳದ ಮರಳು, ಕಾನಿನ ಕಲ್ಲು, ಗುಡ್ಡದ ಗೊಚ್ಚು ಕೈಗೆಟುಕುವಷ್ಟು ಹತ್ತಿರ ಇದ್ದರೂ ಉಪಖನಿಜದ ನಿಯಮ, ಅರಣ್ಯದ ಕಾನೂನು ಅವಕ್ಕೆ ಅನ್ವಯಿಸುತ್ತವೆ. ದಾರಿ ಪಂಚಾಯಿತಿಯದಾಗಿದ್ದರೆ ಅಗೆಯುವ ಮೊದಲು ಗ್ರಾಮ ಪಂಚಾಯಿತಿಗೆ ಬರೆದು ತಿಳಿಸಬೇಕು. ನೀರು ತಿರುಗಿಸುವಾಗ ಕೆಳಗಿನ ಮನೆಯವರ ತೋಟಕ್ಕೆ ಬಿಡುತ್ತಿಲ್ಲ ಎಂಬುದನ್ನು ಅವರನ್ನೇ ಕರೆದು ತೋರಿಸಿದರೆ ಮುಂದಿನ ಜಗಳ ತಪ್ಪುತ್ತದೆ.

ಕೆಲಸ ಮುಗಿದ ಮೇಲೆ

ಗಾಡಿಯ ಅಡಿಭಾಗ ತೊಳೆದು, ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟು, ಲೀಫ್ ಪ್ಲೇಟಿನ ಶ್ಯಾಕಲ್ಲಿಗೆ ಗ್ರೀಸ್ ಹೊಡೆಯಬೇಕು. ಯು-ಬೋಲ್ಟು ಹೊರೆಯ ಕೆಲಸದ ನಂತರ ಸಡಿಲವಾಗಿಯೇ ಇರುತ್ತದೆ. ಹಳ್ಳ ದಾಟಿದ್ದರೆ ಡಿಫರೆನ್ಷಿಯಲ್ಲಿನ ಆಯಿಲ್ ತೆಗೆದು ನೋಡಬೇಕು. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ, ಬದಲಿಸಬೇಕು.

ರಸ್ತೆಯ ಮೇಲೆ ನಾಲ್ಕೈದು ದಿನ ಖಾಲಿ ಗಾಡಿಯಷ್ಟೇ ಓಡಲಿ. ಮೊದಲ ಜೋರು ಮಳೆ ಸುರಿಯುತ್ತಿರುವಾಗಲೇ ಗುದ್ದಲಿ ಹಿಡಿದು ದಾರಿಯುದ್ದಕ್ಕೂ ಒಮ್ಮೆ ನಡೆಯಬೇಕು. ನೀರು ಎಲ್ಲಿ ಚರಂಡಿ ಬಿಟ್ಟು ಜಾಡಿಗೆ ಇಳಿಯುತ್ತಿದೆ ಎಂಬುದು ಆಗ ಮಾತ್ರ ಕಾಣುತ್ತದೆ, ಅಲ್ಲೇ ಎರಡು ಗುದ್ದಲಿ ಮಣ್ಣು ಎಳೆದರೆ ಸರಿಹೋಗುತ್ತದೆ. ಮೂರು ನಾಲ್ಕು ಟ್ರಿಪ್ಪಿನಷ್ಟು ಜಲ್ಲಿಯನ್ನು ಚೀಲದಲ್ಲಿ ಕಟ್ಟಿ ಕೆಟ್ಟ ಜಾಗಗಳ ಪಕ್ಕದಲ್ಲೇ ಇಟ್ಟಿರಬೇಕು. ಮಳೆಗಾಲದ ನಡುವೆ ಕುಸಿದಲ್ಲಿಗೆ ಅದನ್ನು ಕೈಯಲ್ಲೇ ಹಾಕಬಹುದು, ಒದ್ದೆ ದಾರಿಯಲ್ಲಿ ಹೊರೆ ಹೊತ್ತ ಜೀಪು ತರುವ ಅಗತ್ಯ ಬೀಳುವುದಿಲ್ಲ.